ತುಟಿಯ ಸುದ್ದಿ ಬೆನ್ನಿಗೆ ಹೇಳಿದವರು ಯಾರು?

ನಮ್ಮ ಬೀದಿಯ ಬ್ಯೂಟಿ ಪಾರ್ಲರ್‌ನವಳ ಮಗಳನ್ನು ಎಲ್ಲರೂ ಸಿಳ್ಳೆ ಎಂದೇ ಕರೆಯುವುದು. ಏಳು ವರ್ಷದ ಹುಡುಗಿ. ಸಂಜೆ ಬೀದಿಯ ತಿರುವಿನಲ್ಲಿ ಅವಳ ಸಿಳ್ಳೆ ಕೇಳಿದರೆ ಶಾಲೆ ಬಿಟ್ಟಿತೆಂದು ಲೆಕ್ಕ. ಮನೆಮನೆಯಲ್ಲೂ ಮಕ್ಕಳಿಗೆ ಹಾಲು ಕಾಯಿಸಲು ಇಡುತ್ತಿದ್ದೆವು.

ಆ ಸಿಳ್ಳೆ ನಿಂತುಹೋಯಿತು.

ಹುಡುಗಿಯ ತುಟಿಗಳು ಸುಲಿದಿದ್ದವು, ಬಾಯಿಯ ಸುತ್ತ ಬಳೆಯಂತೆ ಕೆಂಪು. ಊದಲು ಹೋದರೆ ತುಟಿ ಬಿರಿದು ರಕ್ತ ಬರುತ್ತಿತ್ತು. ಊಟದ ತಟ್ಟೆ ಕಂಡರೆ ಅಳು. ತಾಯಿ ಸುಮ್ಮನೆ ಕೂತಿರಲಿಲ್ಲ. ತುಟಿ ಒಣಗಿದೆ ಎಂದು, ತಿಂಗಳುಗಳಿಂದ ಹಚ್ಚುತ್ತಿದ್ದ ಲಿಪ್ ಬಾಮನ್ನೇ ಇನ್ನಷ್ಟು ಹಚ್ಚಿದಳು. ಮುಚ್ಚಳದ ಮೇಲೆ ಮೊಲದ ಚಿತ್ರ, ಒಳಗೆ ಸ್ಟ್ರಾಬೆರಿ ಘಮ, ಸ್ಟ್ರಾಬೆರಿ ರುಚಿ. ಮಗು ನೆಕ್ಕುವುದು, ತಾಯಿ ಮತ್ತೆ ಹಚ್ಚುವುದು, ತುಟಿ ಇನ್ನಷ್ಟು ಸುಲಿಯುವುದು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಹುಬ್ಬು ತಿದ್ದಿಸಿಕೊಳ್ಳಲು ಪಾರ್ಲರ್‌ಗೆ ಬಂದರು. ಕುರ್ಚಿಗೆ ಒರಗುವ ಮೊದಲೇ ಹುಡುಗಿ ಕಣ್ಣಿಗೆ ಬಿದ್ದಳು.

“ಏ ಸಿಳ್ಳೆ, ತುಟಿಗೇನಾಯ್ತೇ?”

“ಚಳಿಗೆ ಒಡೆದಿದೆ ಸಿಸ್ಟರ್. ಬಾಮ್ ಹಚ್ತಾನೇ ಇದೀನಿ,” ಎಂದಳು ತಾಯಿ.

ನರ್ಸಮ್ಮ ಆ ಡಬ್ಬಿ ತೆಗೆದು ಮೂಸಿದರು. “ಮೊದಲು ಇದನ್ನ ನಿಲ್ಲಿಸು. ಘಮಕ್ಕೆ, ರುಚಿಗೆ ಅಂತ ಹಾಕೋದು ಕೆಲವು ಮಕ್ಕಳಿಗೆ ಆಗಿಬರಲ್ಲ. ಅಲರ್ಜಿ ಆಗುತ್ತೆ.”

“ಚೆನ್ನಾಗಿ ಹೇಳಿದ್ರಿ! ಹಣ್ಣಿನದು ಅದು. ನಾನೂ ಹಚ್ಕೋತೀನಿ, ನನಗೇನಾಗಿದೆ? ಇವಳೂ ಎಷ್ಟೋ ತಿಂಗಳಿಂದ ಹಚ್ಕೋತಿದಾಳೆ. ಆಗ ಆಗದ್ದು ಈಗ ಆಗುತ್ತಾ?”

“ಹಣ್ಣು ಹಣ್ಣಿನಂಗಡೀಲಿದೆ ಕಣೇ. ಇದರಲ್ಲಿರೋದು ಬರೀ ವೇಷ. ಮೈ ಮೊದಮೊದಲು ಸಹಿಸ್ಕೊಳ್ಳುತ್ತೆ. ಒಂದಿನ ಇದು ಆಗದ್ದು ಅಂತ ಗುರುತು ಹಿಡಿದುಬಿಡುತ್ತೆ. ಆಮೇಲೆ ಮರೆಯೋದೇ ಇಲ್ಲ.”

ನರ್ಸಮ್ಮ ಕುರ್ಚಿಗೆ ಒರಗಿದರು. ಹುಬ್ಬು ತಿದ್ದುವ ದಾರದ ತುದಿ ಆಗಲೇ ತಾಯಿಯ ಹಲ್ಲಿನಲ್ಲಿತ್ತು. ಸಿಟ್ಟನ್ನೆಲ್ಲ ದಾರದಲ್ಲೇ ತೋರಿಸಿದಳು.

“ಅಯ್ಯಯ್ಯೋ! ಹುಬ್ಬು ಕಣೇ ಇದು, ಕಳೆ ಅಲ್ಲ! ಒಂದು ಮಾತು ಹೇಳು, ನನ್ನ ತಲೆಗೆ ಡೈ ಹಾಕೋ ಮೊದಲು ಏನ್ ಮಾಡ್ತೀಯ?”

ತಾಯಿ ದಾರ ಬಿಟ್ಟಳು. “ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯ್ತೀನಿ. ಡೈ ಆಗದೆ ಯಾರಾದ್ರೂ ಮುಖ ಊದಿಸ್ಕೊಂಡು ಬಂದು ಬಾಗಿಲಲ್ಲಿ ನಿಂತ್ರೆ ನನ್ನ ಗತಿ?”

“ಬೀದಿಯವರಿಗೆಲ್ಲಾ ಕಾಯ್ತೀಯ. ಮಗಳಿಗೆ ಕಾದ್ಯಾ?”

ನರ್ಸಮ್ಮನ ಒಂದು ಹುಬ್ಬು ಹಾಗೇ ಉಳಿಯಿತು. ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ತಾಯಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಚರ್ಮದ ಡಾಕ್ಟರು ಹುಡುಗಿಯ ಬೆನ್ನಿಗೆ ಸಾಲಾಗಿ ಪುಟ್ಟ ಪುಟ್ಟ ಪಟ್ಟಿ ಅಂಟಿಸಿದರು. ಯಾವುದು ಆಗಿಬರದೆಂದು ತಿಳಿಯಲು ಒಂದೊಂದರಲ್ಲಿ ಒಂದೊಂದು ವಸ್ತು. ನೀರು ತಾಕಿಸಬೇಡಿ ಎಂದು ಕಳಿಸಿ, ಮತ್ತೆ ಕರೆಸಿ ಪಟ್ಟಿ ತೆಗೆದರು. ಇನ್ನೊಮ್ಮೆ ಕರೆಸಿ ನೋಡುವ ಹೊತ್ತಿಗೆ ಎಲ್ಲ ಜಾಗವೂ ತಿಳಿಯಾಗಿತ್ತು, ಒಂದನ್ನು ಬಿಟ್ಟು. ಸುಗಂಧದ ಪಟ್ಟಿ ಇದ್ದಲ್ಲಿ ಮಾತ್ರ ಕೆಂಪಗೆ ಉಬ್ಬಿದ ಗುರುತು.

ತಾಯಿ ಬೆರಗಾಗಿ ಕೇಳಿದಳು: “ಬಾಮ್ ಹಚ್ಚಿದ್ದು ತುಟಿಗೆ ಡಾಕ್ಟ್ರೇ. ಬೆನ್ನಿಗೆ ಯಾರು ಹೇಳಿದ್ರು?”

“ಮೈಯೊಳಗೆ ಕಾವಲಿನವರು ಓಡಾಡ್ತಾ ಇರ್ತಾರಮ್ಮ. ತುಟಿ ಹತ್ರ ಒಮ್ಮೆ ಗುರುತು ಹಿಡಿದ್ರೆ ಮೈಯೆಲ್ಲಾ ಸುದ್ದಿ ಮುಟ್ಟಿಸ್ತಾರೆ.”

ಮನೆಗೆ ಬಂದು ಅವಳು ಇದನ್ನು ಹೇಳಿದಾಗ ನಾವು ಹೆಂಗಸರೆಲ್ಲ ಬಾಯಿಬಿಟ್ಟು ನಿಂತೆವು. ಮಗುವನ್ನು ಬೆಳಕಿಗೆ ತಿರುಗಿಸಿ ತುಟಿ ನೋಡಿದೆವು. ಒಳಗಿನ ರಕ್ತದ ಬಣ್ಣವೇ ಹೊರಗೆ ಕಾಣುವಷ್ಟು ತೆಳು ಚರ್ಮ. ಅದರ ಹಿಂದೆ ಇಷ್ಟು ದೊಡ್ಡ ಕಾವಲು, ಇಷ್ಟು ನೆನಪು! ನಮ್ಮ ಮೈಯೊಳಗೇ ಇದೆಲ್ಲ ನಡೆಯುತ್ತಿದ್ದರೂ ನಮಗೆ ಗೊತ್ತಿರಲಿಲ್ಲ.

ಮೊಲದ ಡಬ್ಬಿ ಕಸಕ್ಕೆ ಹೋಯಿತು. ಡಾಕ್ಟರು ಘಮವಿಲ್ಲದ, ರುಚಿಯಿಲ್ಲದ ಮುಲಾಮು ಕೊಟ್ಟರು. ಹಲ್ಲುಜ್ಜುವ ಪೇಸ್ಟನ್ನೂ ಬದಲಿಸಿದರು, ಅದರಲ್ಲೂ ರುಚಿಗೆಂದು ಏನೇನೋ ಹಾಕಿರುತ್ತಾರಂತೆ. ತುಟಿ ಮೆಲ್ಲಮೆಲ್ಲಗೆ ಕೂಡಿಕೊಂಡಿತು. ಊದಿದರೆ ಮೊದಲು ಬರೀ ಗಾಳಿ ಬಂತು. ಆಮೇಲೊಂದು ಸಂಜೆ, ಬೀದಿಯ ತಿರುವಿನಿಂದ ಉದ್ದನೆಯ ಸಿಳ್ಳೆ! ಆ ಸಂಜೆ ಹಾಲು ಕಾಯಿಸುವುದು ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತಿದ್ದೆವು.

ತಾಯಂದಿರೇ, ಅಜ್ಜಿಯಂದಿರೇ, ಅಪ್ಪಂದಿರೇ, ಮಕ್ಕಳ ತುಟಿಗೆ ಬಣ್ಣ, ಬಾಮ್ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ಫ್ರೇಗ್ರೆನ್ಸ್, ಪರ್ಫ್ಯೂಮ್ (ಘಮ), ಫ್ಲೇವರ್ (ರುಚಿ) ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಅಕ್ಷರ ತೀರಾ ಸಣ್ಣದಿರುತ್ತದೆ. ಕಾಣದಿದ್ದರೆ ಕಾಣುವವರಿಂದ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನು? ಹಚ್ಚಿದ ಮೇಲೆ ತುರಿಕೆ, ಉರಿ ಕಂಡರೆ, ತುಟಿ ಸುಲಿದರೆ ಮತ್ತೆ ಮತ್ತೆ ಹಚ್ಚಬೇಡಿ, ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಿ.

ನಿಮ್ಮ ಮಗುವಿನ ಮೈ ಮಾತಾಡುತ್ತದೆ. ದಯವಿಟ್ಟು ಕೇಳಿಸಿಕೊಳ್ಳಿ.