ಗೋಡೆ ಕರಗುವ ಹೊತ್ತು

ಬಾಯವ್ವ ಗೋಡೆಯ ಪೊಟರೆಯೊಳಗೆ ಕೈ ಇಟ್ಟಳು. ನಿನ್ನೆ ಮುಷ್ಟಿಯಷ್ಟೇ ಹಿಡಿಸುತ್ತಿತ್ತು. ಇವತ್ತು ಮುಂಗೈ ಪೂರ್ತಿ ಒಳಗೆ ಹೋಯಿತು. ಬೆರಳಿಗೆ ಹಸಿ ಹತ್ತಿತು, ಯಾರೋ ಈಗಷ್ಟೇ ನೆಕ್ಕಿ ಎದ್ದುಹೋದ ಹಾಗೆ.

ಅದು ಅಂತಿಂಥ ಗೋಡೆಯಲ್ಲ. ಸಾಲಹಳ್ಳಿಯಿಂದ ರಾಮದುರ್ಗದ ತನಕ ಹುಡುಕಿದರೂ ಅಂಥ ಮಣ್ಣಿನ ಗೋಡೆ ಸಿಗಲಿಕ್ಕಿಲ್ಲ. ಅವಳ ಮಾವ ಕಟ್ಟಿಸಿದ್ದು. ಅದರ ದಪ್ಪದೊಳಗೆ ಎರಡು ಎತ್ತು ಅಡ್ಡ ಮಲಗಬಹುದಿತ್ತು. ಒಮ್ಮೆ ಕನ್ನ ಕೊರೆಯಲು ಕೂತ ಕಳ್ಳರು ಒಳಗೆ ಬರುವಷ್ಟರಲ್ಲಿ ಮುದುಕರಾಗಿ, ನೀರು ಕೇಳಿ ಕುಡಿದು ಹೋದರಂತೆ. ಅಂಥ ಗೋಡೆಯನ್ನು ಈಗ ಏನೋ ತಿನ್ನಲು ಹತ್ತಿತ್ತು. ಇಲಿಯಲ್ಲ, ಗೆದ್ದಲಲ್ಲ. ಅಂಚಿನಲ್ಲಿ ಸಾಲಾಗಿ ಉಗುರಿನ ಗೆರೆಗಳಿದ್ದವು.

ಅದು ಬರುತ್ತಿದ್ದುದು ಮಟಮಟ ಮಧ್ಯಾಹ್ನ. ಊರು ಹೊಲಕ್ಕೆ ಹೋಗಿ, ನಾಯಿ ಸಹ ತನ್ನ ನೆರಳನ್ನು ಹೊಟ್ಟೆಯಡಿ ಮಡಚಿಟ್ಟುಕೊಂಡು ಮಲಗುವ ಹೊತ್ತು. ಒಳಮನೆಯಿಂದ ಕರ್... ಕರ್... ಎಂದು ಕೆರೆಯುವ ಸದ್ದು. ಬಾಯವ್ವ ಮಂಡಿ ಹಿಡಿದು ಎದ್ದು ಹೋಗುವಷ್ಟರಲ್ಲಿ ಯಾರೂ ಇಲ್ಲ. ಪೊಟರೆಗೆ ವಿಭೂತಿ ಬಳಿದಳು. ಮರುದಿನ ನೋಡಿದರೆ ವಿಭೂತಿಯೂ ಇಲ್ಲ, ಚೊಕ್ಕಟ ನೆಕ್ಕಿಹೋಗಿತ್ತು.

"ವಿಭೂತಿಗೂ ಅಂಜದ ದೆವ್ವ ಏಳೂರಾಗ ಇಲ್ಲ. ಅದೂ ನಮ್ಮನಿಗೇ ಬರಬೇಕ?" ಎಂದಾಗ ಅವಳ ದನಿಯಲ್ಲಿ ಹೆದರಿಕೆಯ ಜೊತೆ ಒಂದಿಷ್ಟು ಜಂಬವೂ ಇತ್ತು.

ಆದರೆ ಸೊಸೆ ಕೆಂಪವ್ವನನ್ನು ನೋಡಿದಾಗ ಜಂಬ ಇಳಿಯುತ್ತಿತ್ತು. ಏಳು ತಿಂಗಳ ಬಸುರಿ, ಹೆಸರಿಗಷ್ಟೇ ಕೆಂಪು. ತುಟಿ, ಉಗುರು, ಕಣ್ಣಿನ ಒಳಗೂ ಸುಣ್ಣ ಬಳಿದ ಹಾಗೆ ಬಿಳಿ. ಮೊದಲ ಕೂಸು ತವರಿನಲ್ಲಿ ಅಳದೆಯೇ ಹುಟ್ಟಿ ಮಣ್ಣಿಗೆ ಹೋಗಿತ್ತು. ಇದನ್ನೂ ದೆವ್ವ ಒಳಗಿಂದೊಳಗೇ ಹೀರುತ್ತಿದೆಯೆಂದು ಬಾಯವ್ವ ನಂಬಿದ್ದಳು.

ನರ್ಸಬಾಯಿ ಮಾತ್ರ ಬೇರೆಯೇ ಹೇಳಿದ್ದಳು: "ನಿಮ್ಮ ಸೊಸಿ ಮೈಯಾಗ ಕಬ್ಬಿಣ ಇಲ್ಲ. ದಿನಾ ಒಂದ ಗುಳಿಗಿ ಕೊಡ್ರಿ."

"ಆಕಿ ಏನ್ ಕುಡಗೋಲೇನ ಬೇ, ಮೈಯಾಗ ಕಬ್ಬಿಣ ಇರಾಕ?" ಎಂದು ಬಾಯವ್ವ ಓಣಿ ಕೇಳುವಂತೆ ನಕ್ಕಿದ್ದಳು. ಮೂರು ಗುಳಿಗೆ ನುಂಗುವಷ್ಟರಲ್ಲಿ ಸೊಸೆಗೆ ಹೊರಕಡೆ ಹೋದದ್ದು ಕಪ್ಪಗಾಯಿತು. ಕೂಸು ಕಾಗೆಯಂತೆ ಹುಟ್ಟೀತೆಂದು ಬಾಯವ್ವ ಉಳಿದದ್ದನ್ನೆಲ್ಲ ತಿಪ್ಪೆಗೆ ಸುರಿದಳು. ಅವನ್ನು ಹೆಕ್ಕಿ ತಿಂದ ಓಣಿಯ ಹುಂಜ ಸಂಜೆಗೆ ಕಾಲು ಚಾಚಿತು. "ನೋಡ್ರಿ, ಬದುಕಸಾಕ ಕೊಟ್ಟದ್ದಂತ!" ಎಂದಳು. ಗೋಡೆ ಕರಗಲು ಶುರುವಾದದ್ದು ಆಮೇಲೆ.

ಅಷ್ಟರಲ್ಲಿ ಸೊಳ್ಳೆಗೆ ಎಣ್ಣೆ ಹೊಡೆಯುವ ಮಲೇರಿಯಾದವರು ಊರಿಗೆ ಬಂದರು. ಅವರಲ್ಲೊಬ್ಬ ಶಂಕ್ರೆಪ್ಪ ಬೆನ್ನಿಗೆ ಪಂಪು ಹೊತ್ತು ಮನೆಯೊಳಗೆ ಕಾಲಿಟ್ಟ.

"ತಿನ್ನೂ ಸಾಮಾನ ಹೊರಗಿಡ್ರಿ ಯವ್ವಾರ. ಗ್ವಾಡಿಗಿ ಹೊಡದಿದ್ದು ಬಾಯಿಗಿ ಹತ್ತಬಾರದು."

ಬಾಯವ್ವ ಅವನನ್ನು ಪೊಟರೆಯ ಮುಂದೆ ನಿಲ್ಲಿಸಿದಳು. "ಇದರಾಗ ಕೊಳವಿ ತುರುಕಿ ಹೊಡಿ ತಮ್ಮಾ. ದೆವ್ವ ಸಾಯತೈತೇನ?"

"ಅದಕ್ಕ ಹೊಟ್ಟಿ ಇದ್ರ ಸಾಯತೈತಿ," ಎಂದು ನಕ್ಕು ಅವನು ಪೊಟರೆ ತೋಯುವಂತೆ ಹೊಡೆದು ಹೋದ.

ದೆವ್ವ ಸಾಯುವುದನ್ನು ನೋಡಿದವರು ಆ ತಾಲೂಕಿನಲ್ಲೇ ಯಾರೂ ಇರಲಿಲ್ಲ. ತಾನೇ ಮೊದಲಿಗಳಾಗಬೇಕೆಂದು ಬಾಯವ್ವ ಜೋಳದ ಚೀಲಗಳ ಹಿಂದೆ ಮುದುಡಿ ಕೂತಳು. ಔಷಧದ ಘಾಟಿಗೆ ಗಂಟಲು ಕೆರೆಯುತ್ತಿತ್ತು. ಬಿಸಿಲು ಬೆಳಕಿಂಡಿಯಿಂದ ಕೋಲಿನಂತೆ ನೆಟ್ಟಗೆ ಇಳಿದಿತ್ತು. ಆಗ ಹೆಜ್ಜೆಯ ಸದ್ದಿಲ್ಲದೆ ಏನೋ ಬಂತು. ಬಿಳಿ ಮುಖ, ಅರೆ ಮುಚ್ಚಿದ ಕಣ್ಣು. ಹೊಟ್ಟೆ ಹಿಡಿದು ಗೋಡೆಯ ಮುಂದೆ ಮಂಡಿಯೂರಿತು. ಕೈ ಪೊಟರೆಯೊಳಗೆ ಹೋಯಿತು. ಕರ್... ಕರ್...

ಮಣ್ಣಿನ ಹೆಂಟೆ ಬಿಸಿಲ ಕೋಲನ್ನು ದಾಟಿ ಬಾಯಿಯ ಹತ್ತಿರ ಬಂದಾಗಲೇ ಬಾಯವ್ವನಿಗೆ ಆ ಕೈಯ ಹಸಿರು ಬಳೆ ಕಂಡದ್ದು.

ಮಂಡಿನೋವಿನ ಬಾಯವ್ವ ಆ ಚೀಲಗಳನ್ನು ಹೇಗೆ ಹಾರಿದಳೋ, ಹುಲಿಗೂ ಆಗುತ್ತಿರಲಿಲ್ಲ. ಹೆಂಟೆಗೆ ಹೊಡೆದಳು, ಸೊಸೆಯ ದವಡೆ ಹಿಡಿದು ಬಾಯೊಳಗೆ ಬೆರಳು ಹಾಕಿದಳು. ನಾಲಿಗೆ ತಣ್ಣಗಿತ್ತು, ಬಾಯಿ ಖಾಲಿಯಿತ್ತು.

"ಎಣ್ಣಿ ಹೊಡದಾರ ಬೇ! ಗೊತ್ತಿದ್ದಿಲ್ಲೇನ ನಿನಗ?"

"ಗೊತ್ತಿತ್ರಿ, ಅತ್ತಿ." ಕೆಂಪವ್ವ ಇನ್ನೂ ಗೋಡೆಯನ್ನೇ ನೋಡುತ್ತಿದ್ದಳು. "ಆದ್ರ ಮಳಿ ಬಿದ್ದಂಗ ವಾಸನಿ ಬರತೈತ್ರಿ. ಮೈಯಾಗ ಯಾರೋ ಬೇಡಾಕ ಹತ್ತ್ಯಾರ. ಕೈ ತಾನ ಹೋಗತೈತಿ."

ಬಾಯವ್ವ ಸೊಸೆಯ ಕೈಗಳನ್ನು ಒಂದಲ್ಲ, ಹತ್ತು ಸಲ ತೊಳೆದಳು. ಕಾಲಿಗೆ ಚಪ್ಪಲಿಯಿಲ್ಲದೆ ನರ್ಸಬಾಯಿಯ ಮನೆಗೆ ನಡೆದಳು. ನಗಲಿಲ್ಲ.

"ಕಬ್ಬಿಣ ಕಮ್ಮಿ ಆದ್ರ ಮಣ್ಣ ತಿನ್ನೂ ಆಸಿ ಆಗತೈತ್ರಿ. ದಿನಕ್ಕೊಂದ," ಎಂದಳು ನರ್ಸಬಾಯಿ, ಗುಳಿಗೆಯ ಡಬ್ಬಿ ಕೈಗಿಟ್ಟು. "ಲಗೂ ಆರಾಮ ಆಗಲೆಂತ ಹಿಡಿ ನುಂಗಿಸಿದ್ರ ಹುಂಜದ ಗತಿನ. ಕಪ್ಪಗ ಹೋದ್ರ ಅಂಜಬ್ಯಾಡ್ರಿ."

"ಕೂಸು ಉಳೀತೈತೇನ?"

"ಕೊಡ್ರಿ ಮೊದಲ."

ಸಂಜೆಗೆ ಮಗ ಸಂಗಪ್ಪ ಪೊಟರೆಗೆ ಕಲ್ಲು ಜಡಿದು ಮುಚ್ಚಿದ. ಯಾವ ದೆವ್ವ ಎಂದು ಅವನು ಕೇಳಿದ್ದಕ್ಕೆ, ಊರಿಗೆಲ್ಲ ಕತೆ ಹೇಳುವ ಬಾಯವ್ವ ಇನ್ನೊಂದು ಕಲ್ಲು ಎತ್ತಿಕೊಟ್ಟಳು.

ಮರುದಿನ ಮಧ್ಯಾಹ್ನ ಸೊಸೆಗೆ ಗುಳಿಗೆ ಕೊಟ್ಟು, ನುಂಗುವ ತನಕ ನೋಡಿ, ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಪಕ್ಕದಲ್ಲೇ ಮಲಗಿದಳು. ಅವಳ ಕೈ ಹಿಡಿದುಕೊಂಡೇ ಮಲಗಿದಳು. ನಾಯಿ ನೆರಳು ಮಡಚಿಕೊಂಡಿತು. ಕೆಂಪವ್ವನ ಉಸಿರು ಭಾರವಾಯಿತು.

ಕರ್... ಕರ್...

ಬಾಯವ್ವ ಕಣ್ಣು ತೆರೆದಳು. ಸೊಸೆ ಗಾಢ ನಿದ್ದೆಯಲ್ಲಿದ್ದಳು; ಅವಳ ಉಗುರುಗಳು ಮಾತ್ರ ಬಾಯವ್ವನ ಅಂಗೈಯನ್ನು ಮೆಲ್ಲಗೆ ಕೆರೆಯುತ್ತಿದ್ದವು. ಬಾಯವ್ವ ಕೈ ಹಿಂದೆಗೆಯಲಿಲ್ಲ.