ಎಪ್ಪತ್ತಾರು ಸೆಕೆಂಡು

ಸ್ವಿಚ್ ಒತ್ತಿದಲ್ಲಿಂದ ಮೊದಲ ಸ್ವರ ಹೊರಡುವವರೆಗೆ ಎಪ್ಪತ್ತಾರು ಸೆಕೆಂಡು. ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಸಾಗರದಲ್ಲಿ ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತು ನೋಡಿ, ಮೊಬೈಲ್ ಹಿಡಿದು ಇಪ್ಪತ್ತು ಸಲ ಅಳೆದಿದ್ದೇನೆ. ಒಮ್ಮೆ ಎಪ್ಪತ್ನಾಲ್ಕಕ್ಕೇ ಬಂತು, ಒಮ್ಮೆ ಎಪ್ಪತ್ತೊಂಬತ್ತಾಯಿತು. ಉಳಿದದ್ದೆಲ್ಲ ಎಪ್ಪತ್ತಾರರ ಆಸುಪಾಸು.

ಅಳೆದದ್ದು ನನ್ನ ಗಿಟಾರಿನ ಮಾಡೆಲರ್ ಪೆಟ್ಟಿಗೆಯನ್ನು. ಎಲೆಕ್ಟ್ರಿಕ್ ಗಿಟಾರಿನ ಸದ್ದು ತಾನಾಗಿ ತೆಳು. ದೊಡ್ಡ ಆಂಪ್ಲಿಫೈಯರ್ ಹಾಯ್ದು ಬಂದರೆ ಮಾತ್ರ ಅದಕ್ಕೆ ಮೈ ತುಂಬುತ್ತದೆ. ಆಂಪ್ಲಿಫೈಯರನ್ನು ಬಸ್ಸಿನಲ್ಲಿ ಹೊತ್ತು ತಿರುಗಲಾಗುವುದಿಲ್ಲ. ಈ ಪೆಟ್ಟಿಗೆ ಹತ್ತಾರು ಆಂಪ್ಲಿಫೈಯರುಗಳ ದನಿಯನ್ನು ಅನುಕರಿಸುತ್ತದೆ, ತೊಡೆಯ ಮೇಲೆ ಇಟ್ಟುಕೊಂಡು ಹೋಗಬಹುದು. ಆದರೆ ಒಳಗಿರುವುದು ಕಂಪ್ಯೂಟರು. ಕರೆಂಟು ಒಂದು ಗಳಿಗೆ ಹೋಗಿ ಬಂದರೂ ಅದು ಮೊದಲಿನಿಂದ ಏಳಬೇಕು. ಪರದೆಯ ಮೇಲೆ ನೀಲಿ ಗೆರೆಯೊಂದು ಎಡದಿಂದ ಬಲಕ್ಕೆ ತೆವಳುತ್ತದೆ. ಅದು ಆ ಕಡೆ ಮುಟ್ಟುವವರೆಗೆ ನನ್ನ ಕೈಯಲ್ಲಿರುವುದು ಬರೀ ಮರ ಮತ್ತು ತಂತಿ.

ಕಳೆದ ತಿಂಗಳು ತೀರ್ಥಹಳ್ಳಿಯ ಒಂದು ಆರತಕ್ಷತೆಯಲ್ಲಿ ಕರೆಂಟು ಹೋಯಿತು. ಹತ್ತು ಸೆಕೆಂಡಿಗೆಲ್ಲ ಜನರೇಟರ್ ಹತ್ತಿತು, ಕೀಬೋರ್ಡು ಎದ್ದಿತು, ಬೆಳ್ಳಪ್ಪನ ರಿದಂ ಪ್ಯಾಡೂ ಎದ್ದಿತು. ಮುಂದಿನ ಹಾಡು ಗಿಟಾರಿನಿಂದಲೇ ಶುರುವಾಗಬೇಕಿತ್ತು. ನಮ್ಮ ಆರ್ಕೆಸ್ಟ್ರಾ ನಡೆಸುವ, ಹಾಡುವ ಮನೋರಮಾ ಮೈಕ್ ಹಿಡಿದು ನನ್ನನ್ನೇ ನೋಡುತ್ತ ನಿಂತರು. ನಾನು ನೀಲಿ ಗೆರೆ ನೋಡುತ್ತ ಕೂತಿದ್ದೆ. ಕೊನೆಗೆ ರಾಜು ತನ್ನ ಕೀಬೋರ್ಡಿನಲ್ಲಿದ್ದ ಗಿಟಾರ್ ದನಿಯಲ್ಲೇ ಆ ಭಾಗ ಬಾರಿಸಿಬಿಟ್ಟ. ಜನ ಚಪ್ಪಾಳೆ ತಟ್ಟಿದರು. ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದೇ.

"ನೋಡು ರವೀಶ," ಮನೋರಮಾ ಆಮೇಲೆ ಹೇಳಿದರು, "ಹೊಸನಗರದ ಆರತಕ್ಷತೆ ಒಂದು ನೋಡ್ತೀನಿ. ಅಲ್ಲೂ ಹಿಂಗೇ ಆದ್ರೆ ಮುಂದೆ ರಾಜುನೇ ಮಾಡ್ಲಿ. ನಿಂಗೆ ಬೇಜಾರು ಬೇಡ."

ಬೇಜಾರು ಬೇಡ ಎಂದರೆ ಆಗುತ್ತದೆಯೇ? ಆರು ವರ್ಷದಿಂದ ವಾರವಿಡೀ ನಾನು ಕಾಯುವುದು ವೇದಿಕೆಯ ಮೇಲಿನ ಆ ಎರಡು ತಾಸಿಗೆ.

ಅದಕ್ಕೇ ಹೊಸನಗರಕ್ಕೆ ಹೊರಡುವಾಗ ಅಂಗಡಿಯ ಯಜಮಾನರನ್ನು ಕೇಳಿ ಕಂಪ್ಯೂಟರಿನ ಯುಪಿಎಸ್ ತೆಗೆದುಕೊಂಡೆ. ಬಸ್ಸಿನಲ್ಲಿ ಕಾಲ ಬಳಿ ಯುಪಿಎಸ್, ತೊಡೆಯ ಮೇಲೆ ಪೆಟ್ಟಿಗೆ. ಹಾಲ್‌ಗೆ ಎಲ್ಲರಿಗಿಂತ ಮೊದಲು ಹೋಗಿ ಪೆಟ್ಟಿಗೆಯ ಪ್ಲಗ್ಗನ್ನು ಯುಪಿಎಸ್‌ಗೆ ಸಿಕ್ಕಿಸಿದೆ, ಯುಪಿಎಸ್‌ನದನ್ನು ಗೋಡೆಗೆ. ಗೋಡೆಯ ಸ್ವಿಚ್ ಆರಿಸಿ ನೋಡಿದೆ. ಯುಪಿಎಸ್ ಕುಂಯ್ ಎಂದಿತು, ಪೆಟ್ಟಿಗೆ ಆರಲಿಲ್ಲ. ಮೂರು ಸಲ ಹಾಗೆ ನೋಡಿದೆ.

"ಸಾಕು ಮಾರಾಯ, ಸ್ವಿಚ್ ಕಿತ್ತು ಬಂದೀತು," ಎಂದ ಬೆಳ್ಳಪ್ಪ.

ಸಂಜೆ ಆರೂವರೆಗೆ ಮದುಮಗಳು ದೀಪ್ತಿ, ಮದುಮಗ ಬಾಗಿಲಿನಿಂದ ವೇದಿಕೆಗೆ ನಡೆದು ಬರುವುದು. ಆಗ ಗಿಟಾರ್ ಒಂದೇ ಇರಬೇಕು, ಬೇರೇನೂ ಬೇಡ ಎಂದು ದೀಪ್ತಿಯೇ ಕೇಳಿದ್ದಳಂತೆ. ಅವಳ ಅಪ್ಪ ಶೇಷಪ್ಪ ಅದನ್ನು ನನಗೆ ನಾಲ್ಕು ಸಲ ಹೇಳಿದರು.

ಆರು ಇಪ್ಪತ್ತೊಂಬತ್ತಕ್ಕೆ ಗುಡುಗಿತು. ದೂರದ್ದಲ್ಲ, ಹಾಲ್‌ನ ತಗಡು ಅದುರುವ ಹಾಗೆ.

"ಪ್ಲಗ್ ತೆಗೀರಿ! ಪ್ಲಗ್ ತೆಗೀರ್ರಾ!" ಶೇಷಪ್ಪ ಕೂಗುತ್ತ ಹೋಗಿ ಸೀರಿಯಲ್ ಲೈಟಿನ ಪ್ಲಗ್ ಕಿತ್ತರು. ನಮ್ಮ ಕಡೆ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿಡಿಲಿಗೆ ಟಿವಿ, ಪಂಪ್‌ಸೆಟ್ ಸುಟ್ಟುಕೊಳ್ಳದ ಮನೆಯೇ ಇಲ್ಲ. ಮೊದಲ ಗುಡುಗಿಗೆ ಕೈ ತಾನಾಗಿ ಗೋಡೆಯ ಕಡೆ ಹೋಗುತ್ತದೆ. ಬೆಳ್ಳಪ್ಪ ಪ್ಯಾಡಿನದನ್ನು ಕಿತ್ತ. ಅಡುಗೆಯವರು ಮಿಕ್ಸಿಯದನ್ನು ಕಿತ್ತರು. ಹಾಲ್‌ನ ಸ್ಪೀಕರುಗಳ ಪ್ಲಗ್ ಮಾತ್ರ ಬೀಗ ಹಾಕಿದ ಪೆಟ್ಟಿಗೆಯೊಳಗಿದ್ದರಿಂದ ಉಳಿಯಿತು.

"ನಿಮ್ಮೂರೋರಿಗೆಲ್ಲ ಏನಾಗೈತೋ!" ರಾಜು ನಗುತ್ತಿದ್ದ. ಅವನು ದಾವಣಗೆರೆಯವನು. ಕೂತಲ್ಲಿಂದ ಅಲುಗಿರಲಿಲ್ಲ, ಅವನ ಕೀಬೋರ್ಡಿನ ಪ್ಲಗ್ ಗೋಡೆಯಲ್ಲೇ ಇತ್ತು.

ನನ್ನ ಕೈಯಲ್ಲೂ ಒಂದು ಪ್ಲಗ್ ಇತ್ತು. ಗೋಡೆಯದಲ್ಲ. ಯುಪಿಎಸ್‌ನಿಂದ ಪೆಟ್ಟಿಗೆಗೆ ಹೋಗುವ ಪ್ಲಗ್. ಯಾವಾಗ ಬಗ್ಗಿದೆನೋ, ಯಾವಾಗ ಎಳೆದೆನೋ ತಿಳಿಯದು. ಪರದೆ ಕಪ್ಪಾಗಿತ್ತು.

ಮತ್ತೆ ಸಿಕ್ಕಿಸಿದೆ. ನೀಲಿ ಗೆರೆ ಎಡ ತುದಿಯಲ್ಲಿ ಕಾಣಿಸಿತು.

"ಬಂದ್ರು, ಬಂದ್ರು! ಬಾರ್ಸಿ!" ಶೇಷಪ್ಪ ಬಾಗಿಲಿನಿಂದ ಕೈ ಬೀಸಿದರು. ವೇದಿಕೆಯ ಮುಂದೆ ನಿಂತಿದ್ದ ಮನೋರಮಾ ಹಿಂದೆ ತಿರುಗದೆ, ಶುರು ಮಾಡು ಎಂಬಂತೆ ಬೆರಳು ಎತ್ತಿದರು.

ನಾನು ರಾಜುವಿನ ಕಡೆ ನೋಡಿದೆ. ಅವನು ನೀಲಿ ಗೆರೆಯನ್ನೂ ನನ್ನ ಮುಖವನ್ನೂ ನೋಡಿ, ಎರಡು ಬಟನ್ ಒತ್ತಿ ಬಾರಿಸತೊಡಗಿದ. ಗಿಟಾರ್ ದನಿ. ನಾನು ವಾರವಿಡೀ ಕೂತು ಕೂಡಿಸಿದ್ದ ರಾಗವೇ. ಮಧ್ಯಾಹ್ನ ಎರಡು ಸಲ ಕೇಳಿಸಿಕೊಂಡಿದ್ದ ಅಷ್ಟೆ.

ಆಗ ವಿಡಿಯೋದವನು ಲೈಟನ್ನು ನನ್ನ ಮೇಲೆ ತಿರುಗಿಸಿದ. ನಾನು ಮಾಡಬಾರದ್ದನ್ನು ಮಾಡಿದೆ. ಬೆರಳುಗಳನ್ನು ತಂತಿಯ ಮೇಲೆ ಆಡಿಸಿದೆ. ಸದ್ದಿಲ್ಲದ ಗಿಟಾರನ್ನು ಕಣ್ಣು ಮುಚ್ಚಿ, ತಲೆ ತೂಗುತ್ತ ಬಾರಿಸಿದೆ. ಮನಸ್ಸಿನಲ್ಲಿ ಮಾತ್ರ ಎಣಿಸುತ್ತಿದ್ದೆ. ಮೂವತ್ತು. ನಲವತ್ತೈದು. ದೀಪ್ತಿ ನನ್ನ ಕಡೆ ನೋಡಿ ನಕ್ಕಳು. ಅರವತ್ತು. ಪೆಟ್ಟಿಗೆ ಎಚ್ಚರಾದಾಗ ಇನ್ನೂ ಎರಡು ಸಾಲು ಬಾಕಿ ಇತ್ತು. ಈಗ ಬಾರಿಸಿದರೆ ಎರಡೆರಡು ಗಿಟಾರ್ ಕೇಳಿ ಗುಟ್ಟು ಬಯಲಾಗುತ್ತದೆ. ಗಿಟಾರಿನ ವಾಲ್ಯೂಮನ್ನು ನಾನೇ ಸೊನ್ನೆಗೆ ಇಳಿಸಿದೆ.

ಚಪ್ಪಾಳೆ ಬಿತ್ತು. ಮನೋರಮಾ ತಿರುಗಿದರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ.

"ಏನ್ ಬಾರ್ಸಿದ್ಯೋ! ನಾನು ಸುಮ್ನೆ ಬೈದೆ ನಿಂಗೆ. ಹದಿನೆಂಟಕ್ಕೆ ಮಂಡಗದ್ದೇಲಿ ಪ್ರೋಗ್ರಾಂ ಇದೆ, ನೀನೇ ಬರ್ಬೇಕು."

ಕುರ್ಚಿಯಲ್ಲಿ ಕೂತ ದೀಪ್ತಿ ಅಲ್ಲಿಂದಲೇ ಬಾಗಿ, "ಅಣ್ಣ, ಸೂಪರ್. ವಿಡಿಯೋದಲ್ಲಿ ಕೈಯೆಲ್ಲ ಚೆಂದ ಬಂದಿದೆಯಂತೆ," ಎಂದಳು.

ಇಷ್ಟಕ್ಕೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ರಾಜು ಕೀಬೋರ್ಡಿನ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸುತ್ತಿದ್ದ, ಇಲ್ಲದ ಧೂಳನ್ನು. ಅವನು ಹೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅದರಿಂದಲೇ ಇರಬೇಕು, ಮನೋರಮಾರನ್ನು ಕರೆದೆ.

"ಅದು ನಾನಲ್ಲ," ಎಂದೆ. "ರಾಜು ಬಾರ್ಸಿದ್ದು."

"ಎಂತ?" ಎಂದರು ಮನೋರಮಾ.

"ಗುಡುಗಿದಾಗ ಪ್ಲಗ್ ಕಿತ್ತೆ. ಪೆಟ್ಟಿಗೆ ಎದ್ದಿರಲಿಲ್ಲ. ಸುಮ್ನೆ ಕೈ ಆಡ್ಸಿದೆ."

"ಥೂ, ಹೇಳ್ಬೇಕಿತ್ತೇನೋ ಇದನ್ನ?" ಎಂದ ರಾಜು.

ಮನೋರಮಾರ ಕಿವಿ ಕೆಂಪಾಗುತ್ತಿತ್ತು. ಮೊದಲು ಬಾಯಿ ತೆರೆದವಳು ದೀಪ್ತಿ.

"ಅಂದ್ರೆ ವಿಡಿಯೋದಲ್ಲಿರೋದು ಸುಳ್ಳಾ?"

"ಹೌದು."

"ಈಗ ಬರುತ್ತಾ ಸೌಂಡು?"

"ಬರುತ್ತೆ."

ಅವಳು ಸೀರೆಯ ನೆರಿಗೆ ಎತ್ತಿಕೊಂಡು ಎದ್ದೇಬಿಟ್ಟಳು. "ಬನ್ನಿ," ಎಂದು ಗಂಡನ ಕೈ ಹಿಡಿದೆಳೆದಳು. "ಬಾಗಿಲಿಗೆ ಹೋಗಿ ಮತ್ತೆ ಬರಣ."

"ಏ, ಎಂತ ಹುಚ್ಚಾಟನೇ ಇದು! ಜನ ನಗಾಡ್ತಾರೆ," ಎಂದು ಶೇಷಪ್ಪ ಅಡ್ಡ ಬಂದರು.

"ನಗ್ಲಿ ಅಪ್ಪ. ಗಿಟಾರ್ ಬೇಕು ಅಂತ ಕೇಳಿದ್ದು ನಾನು."

ಇಬ್ಬರೂ ನಡುದಾರಿಯಲ್ಲಿ ಹಿಂದಕ್ಕೆ ನಡೆದರು. ಜನ ನಿಜಕ್ಕೂ ನಕ್ಕರು, ಕೆಲವರು ಮೊಬೈಲ್ ಎತ್ತಿದರು. ನಾನು ವಾಲ್ಯೂಮ್ ತಿರುಗಿಸಿದೆ. ಕೈ ಬೆವೆತು ತಂತಿ ಮೀಟುವ ಪಿಕ್ ಜಾರುತ್ತಿತ್ತು. ಮನೋರಮಾ ಈ ಸಲ ಜನರ ಕಡೆಗಲ್ಲ, ನನ್ನ ಕಡೆ ತಿರುಗಿ, ಕೈಕಟ್ಟಿ ನಿಂತಿದ್ದರು.

ಬಾರಿಸಿದೆ. ಎರಡು ಸಾಲು ಸರಿಯಾಗಿ ಬಂತು. ಮೂರನೆಯದರಲ್ಲಿ ಬೆರಳು ತಪ್ಪಿ ಸ್ವರವೊಂದು ಕರಕರ ಎಂದಿತು; ಹಾಲ್‌ನ ಕೊನೆಯವರೆಗೂ ಕೇಳಿಸಿರಬೇಕು. ದೀಪ್ತಿ ನಡಿಗೆ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಚಪ್ಪಾಳೆ ಮೊದಲಿನಷ್ಟು ಜೋರಿರಲಿಲ್ಲ. ಮನೋರಮಾ ಹತ್ತಿರ ಬಂದು, ಮೈಕಿಗೆ ಕೈ ಅಡ್ಡ ಹಿಡಿದರು.

"ಮೂರನೇ ಸಾಲು ತಪ್ಪಿದೆ."

"ಹೌದು."

"ನಾನು ಬೆನ್ನು ಹಾಕಿ ನಿಂತಿರ್ತೀನಿ ರವೀಶ. ಹಿಂದೆ ಯಾರು ಬಾರಿಸ್ತಿದಾರೆ ಅಂತ ನಂಗೆ ಗೊತ್ತಿರ್ಬೇಕು. ಇನ್ನೊಂದ್ಸಲ ಸುಮ್ನೆ ಕೈ ಆಡ್ಸಿದ್ರೆ ಆವತ್ತೇ ಕಡೆ."

"ಆಯ್ತು."

"ಮಂಡಗದ್ದೆಗೆ ಬಾ," ಎಂದರು. ನಾನು ಏನಾದರೂ ಹೇಳುವ ಮೊದಲೇ ಜನರ ಕಡೆ ತಿರುಗಿ ಮುಂದಿನ ಹಾಡು ಹೇಳಿಬಿಟ್ಟರು. ಬೆಳ್ಳಪ್ಪ ಕೋಲು ಎತ್ತಿ ನಾಲ್ಕು ಎಣಿಸತೊಡಗಿದ. ನಾನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.