ಚತುರ್ದಶಿಯ ಫ್ರೂಟ್ ಸಲಾಡ್

ಎರಡು ಬೆರಳು, ಅಲ್ಲ, ಎರಡರ ಮೇಲೆ ಇಷ್ಟೇ ಇಷ್ಟು, ಕಿಟಕಿಯಾಚೆ ಕಬ್ಬಿನ ಹೊಲದ ಮೇಲೆ ಹೊತ್ತು ಕೂತಿದೆ, ಮಯೂರಿ ಗಲ್ಲಾದ ಹಿಂದೆ ಕೂತಲ್ಲಿಂದಲೇ ತೋಳು ಚಾಚಿ, ಬೆರಳು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು, ಒಂದು ಬೆರಳಿಗೆ ಕಾಲು ತಾಸು, ತವರಿನಲ್ಲಿ ಅಜ್ಜಿ ಕಲಿಸಿದ ಲೆಕ್ಕ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ, ಎದುರಿಗಿರುವ ಬಿಲ್ಲಿನ ಮಷಿನ್ನಿನ ಹಾಗಲ್ಲ, ಅದರ ಪ್ರಕಾರ ಈಗ ಬೆಳಗಿನ ಒಂಬತ್ತೂವರೆ, ತಾರೀಖು ಒಂದು ಜನವರಿ, ಇಸವಿ ಎರಡು ಸಾವಿರದ ಎಂಟು, ಒಳಗಿನ ಸೆಲ್ಲು ಸತ್ತು ಹೋಗಿ ದಿನಾ ಬೆಳಿಗ್ಗೆ ಅದು ಮತ್ತೆ ಅಲ್ಲಿಂದಲೇ ಎದ್ದು ಬರುತ್ತದೆ, ಅಂದರೆ ತನಗಿನ್ನೂ ಹದಿನೈದು ವರ್ಷ, ಮದುವೆಯಿಲ್ಲ, ಮಾವನಿಲ್ಲ, ಕಾಗವಾಡದ ಮಿರಜ ರಸ್ತೆಯ ಈ ಖಾನಾವಳಿಯಿಲ್ಲ, ಎಂಥ ಸುಖ — ಒಳಗೊಳಗೇ ನಗು ಬಂತು, ನಗಬಾರದು, ಕಿಟಕಿ ಪಕ್ಕದ ಮೇಜಿಗೆ ಬಂದು ಕೂತ ಅಜ್ಜಿ ನೋಡಿದರೆ ಏನಂದುಕೊಂಡಾರು, ಪಾಪ, ಎಡಗಣ್ಣಿಗೆ ಹಸಿರು ಬಟ್ಟೆ, ಮಿರಜದ ದವಾಖಾನೆಯಿಂದ ಬರುತ್ತಿದ್ದಾರೆ, ಶೇಡಬಾಳದ ಗಂಗೂಬಾಯಿಯಂತೆ, ಬಸ್ಸು ತಡವಾಯಿತಂತೆ, ಕೂತು ಉಸಿರು ತಗೊಂಡು ಮೆಲ್ಲಗೆ ಹೇಳಿದ್ದು ಇಷ್ಟೇ, ಇವತ್ತ ಚತುರ್ದಶಿ ಐತಿ ಎವ್ವಾ, ನಂದು ಒಂದ ಹೊತ್ತಿನ ಊಟ, ಮುಂಜಾನಿಂದ ನೀರೂ ಮುಟ್ಟಿಲ್ಲ, ಹೊತ್ತ ಮುಳಗೂದರಾಗ ಕೊಟ್ಟರ ಉಣ್ಣತೇನಿ, ಇಲ್ಲಂದ್ರ ನಾಳೆ ಹೊತ್ತ ಹುಟ್ಟಿದ ಮ್ಯಾಲ ನೋಡೂಣಂತ. ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರ ಅನ್ನುವುದು ಎಳ್ಳಷ್ಟೂ ಇರಲಿಲ್ಲ.

ಎರಡು ಬೆರಳು ಅಂದರೆ ಅರ್ಧ ತಾಸು, ಧಾರಾಳ ಆಯಿತು, ಮಯೂರಿ ಅಜ್ಜಿಯ ಮುಂದೆ ಕಾಯಿಸಿ ಆರಿಸಿದ ನೀರಿನ ಲೋಟ ಇಟ್ಟು ಬಂದು, ಮಷಿನ್ನಿಗೆ ಬಗ್ಗಿ, ನಲವತ್ತೇಳು ಒತ್ತಿದಳು, ನಲವತ್ತೇಳು ಅಂದರೆ ಜೈನ ಊಟ, ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟೆ ಇಲ್ಲ, ಆದರೆ ಪರದೆಯ ಮೇಲೆ ಬರುವುದು ಫ್ರೂಟ್ ಸಲಾಡ್ ಅಂತ, ಯಾಕೆಂದರೆ ಮಷಿನ್ನಿನ ಹೊಟ್ಟೆಯಲ್ಲಿ ತೊಂಬತ್ತೊಂಬತ್ತು ಪದಾರ್ಥಕ್ಕಷ್ಟೇ ಜಾಗ, ಆ ತೊಂಬತ್ತೊಂಬತ್ತನ್ನೂ ಮಾವ ತವನಪ್ಪ ಮೊದಲ ದಿನವೇ ಹುಮ್ಮಸ್ಸಿನಲ್ಲಿ ತುಂಬಿಸಿಬಿಟ್ಟಿದ್ದರು, ಈ ಊರಲ್ಲಿ ಯಾರೂ ಕೇಳದ ಫಲೂದಾ, ಯಾರೂ ಮಾಡದ ಫ್ರೂಟ್ ಸಲಾಡ್, ಒಂದು ತೆಗೆದು ಇನ್ನೊಂದು ಹಾಕಬೇಕೆಂದರೆ ಗುಪ್ತ ಅಂಕಿ ಬೇಕು, ಅದು ಗೊತ್ತಿದ್ದದ್ದು ಮಾರಿ ಹೋದ ಇಚಲಕರಂಜಿಯವನಿಗೆ, ಅವನೀಗ ಸೋಲಾರ್ ಹೀಟರ್ ಮಾರುತ್ತಾನಂತೆ, ಅಂಕಿ ಮರೆತಿದ್ದಾನಂತೆ, ಹೀಗಾಗಿ ಶೇಂಗಾ ಹೋಳಿಗೆಗೆ ಫಲೂದಾ, ಜೈನ ಊಟಕ್ಕೆ ಫ್ರೂಟ್ ಸಲಾಡ್, ಮಡಕಿಕಾಳು ಪಲ್ಯಕ್ಕೆ ಟೊಮೆಟೊ ಸೂಪು, ಯಾರಾದರೂ ನಿಜವಾದ ಟೊಮೆಟೊ ಸೂಪು ಕೇಳಿದರೆ ಇಲ್ರಿ ಅನ್ನುವುದು, ಹೊಸಬರು ನಕ್ಕಾರು ಅಂತ ಊಟದ ಬಿಲ್ಲು ಕೊಡುವಾಗ ಪೆನ್ನಿನಿಂದ ತಿದ್ದಿ ಕೊಡುವುದು, ಇದೆಲ್ಲ ಚನ್ನವ್ವನಿಗೆ ಬಾಯಿಪಾಠ, ಹದಿನಾರು ವರ್ಷದಿಂದ ಅಡಿಗೆಮನೆಯಲ್ಲಿರುವ ಚನ್ನವ್ವ ಅಲ್ಲಿ ಹೊರಡುವ ಚೀಟಿಯನ್ನು ಓದುವುದೇ ಇಲ್ಲ, ಹೆಸರಿನ ಉದ್ದ ನೋಡಿಯೇ ತಾಟು ಹಚ್ಚುತ್ತಾಳೆ — ಆದರೆ ಅದಕ್ಕೇ ಅಲ್ಲವೇ ಆಕೆಗೆ ರಜೆಯೇ ಇಲ್ಲದಂತಾಗಿದ್ದು, ತಮ್ಮನ ಮದುವೆಗೆ ಅಕ್ಷತೆ ಹಾಕಿ ಉಣ್ಣದೇ ಓಡಿ ಬಂದಳು, ಅಕ್ಕನ ಮಗಳ ಸೀಮಂತಕ್ಕೆ ಹೋಗಲೇ ಇಲ್ಲ, ನಾ ಹ್ವಾದ್ರ ನಿಮ್ಮ ಚೀಟಿ ಯಾರ ಓದವರು ವೈನಿ, ಅನ್ನುತ್ತಾಳೆ, ನಗುತ್ತಲೇ ಅನ್ನುತ್ತಾಳೆ, ಮಷಿನ್ ಏನೂ ಕೇಳುವುದಿಲ್ಲ ಅಂತ ಮಾವ ಹೇಳುತ್ತಾರಲ್ಲ, ಚನ್ನವ್ವನ ಒಂದು ಮದುವೆಯೂಟ ಒಂದು ಸೀಮಂತ ತಿಂದಿದೆ ಅದು. ಅಂತೂ ಇವತ್ತು ಜಗಳ ಮಾಡಿ, ರಜೆ ಕೊಟ್ಟು ಆಕೆಯನ್ನು ರಾಯಬಾಗಕ್ಕೆ ಕಳಿಸಿದ್ದಾಯಿತು.

ಅಯ್ಯೋ, ನಿಂತಿತು ನೋಡು. ಪರದೆಯ ಮೇಲೆ ಸಣ್ಣ ಮರಳುಗಡಿಯಾರ ತಿರುಗುತ್ತಿದೆ, ತಿರುಗಲಿ, ಎರಡು ಸಲ ಮೆಲ್ಲಗೆ ತಟ್ಟಬೇಕು, ಬಲಗಡೆ, ಜೋರಾಗಿ ಅಲ್ಲ, ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಬರ್ರಿ ಬರ್ರಿ ಅನ್ನುತ್ತಿದ್ದಾರೆ, ಆದರೆ ಕಿವಿ ಇಲ್ಲೇ ಇದೆ, ಮಷಿನ್ ತಟ್ಟಿದ ಸದ್ದಾದರೆ ಮೊಮ್ಮಗನಿಗೆ ಯಾರೋ ಹೊಡೆದ ಹಾಗೆ ತಿರುಗಿ ನೋಡುತ್ತಾರೆ, ಅವರಿಗೇನು ಅದು ಬರೀ ಮಷಿನ್ನೇ, ಅಥಣಿಯಿಂದ ಮಿರಜದವರೆಗೆ ಮೊದಲು ಬಂದದ್ದು ನಮ್ಮಲ್ಲೇ ಅಂತ ಇವತ್ತಿಗೂ ಹೇಳುತ್ತಾರೆ, ತಂದ ದಿನ ಜನ ಊಟ ಬಿಟ್ಟು ಚೀಟಿ ಬರುವುದನ್ನು ನೋಡಲು ನಿಂತಿದ್ದರಂತೆ, ದಸರೆಗೆ ಚೆಂಡು ಹೂವಿನ ಮಾಲೆ, ಮೇಲೆ ಹೊದಿಸಲು ಅತ್ತೆ ಕೈಯಾರೆ ಹೊಲಿದ ಕಸೂತಿ ಬಟ್ಟೆ, ತೆಗೆಯೋಣ್ರಿ ಮಾವಾರೆ, ಹೊಸಾದು ತರೋಣ್ರಿ ಅಂತ ಮೂರು ಸಲ ಹೇಳಿದ್ದಾಳೆ ಮಯೂರಿ, ಮೂರು ಸಲವೂ ಒಂದೇ ಉತ್ತರ, ನಡ್ಯಾಕತ್ತೈತಲ್ಲವಾ, ನಡಿಯೂದನ್ನ ಯಾಕ ತಗೀತಿ, ಇನ್ನು ಗಂಡ ಶ್ರೇಣಿಕ, ಈ ಮಾತು ಎದ್ದ ಕೂಡಲೇ ಅವನಿಗೆ ತೆಲಸಂಗದ ದ್ರಾಕ್ಷಿ ತೋಟ ನೆನಪಾಗುತ್ತದೆ, ಬೈಕು ಹತ್ತಿ ನಾಪತ್ತೆ, ದ್ರಾಕ್ಷಿ ಇಷ್ಟು ಚೆನ್ನಾಗಿ ಬರುವುದು ಅವನು ಮಾತು ತಪ್ಪಿಸಿಕೊಂಡು ಹೋಗುವುದರಿಂದಲೇ ಇರಬೇಕು. ಮರಳುಗಡಿಯಾರ ಇನ್ನೂ ತಿರುಗುತ್ತಲೇ ಇತ್ತು.

ಹಾಗಾದರೆ ಒಳಗೆ ಕೂಗಿ ಹೇಳಿದರಾಯಿತು, ಬಾಯಿ ಇದೆಯಲ್ಲ, ಆದರೆ ಕೂಗುವ ಹಾಗಿಲ್ಲ, ಮಷಿನ್ ಬಂದ ದಿನ ಮಾವ ಮಾಡಿದ ಕಾನೂನು ಅದು, ಅದಕ್ಕೂ ಮೊದಲು ಇಲ್ಲಿ ಸಂತೆಯ ಹಾಗೆ ಗದ್ದಲವಂತೆ, ಎರಡ ರೊಟ್ಟಿ, ಒಂದ ತಾಟ, ಮೂರ ಮಜ್ಜಿಗಿ, ಗಲ್ಲಾದಿಂದ ಒಂದು ದನಿ, ಒಲೆಯಿಂದ ಇನ್ನೊಂದು, ಇನ್ನ ಮುಂದ ಯಾರೂ ಒದರಬ್ಯಾಡ್ರಿ, ಚೀಟಿ ಬರತೈತಿ, ಅಂದರು, ಬಾಗಿಲ ಮೇಲೆ ಬರೆಸಿಯೂ ಹಾಕಿದರು, ಅಂದಿನಿಂದ ಖಾನಾವಳಿ ಬಸದಿಯಷ್ಟು ಶಾಂತ, ಎದ್ದು ಹೋಗಿ ಹೇಳೋಣವೆಂದರೆ ಗಲ್ಲಾದ ಮುಂದೆ ಬಿಲ್ಲಿಗೆ ನಾಲ್ಕು ಜನ ಕಾಯುತ್ತಿದ್ದಾರೆ, ಉಗಾರ ಬುದ್ರುಕದ ಕಬ್ಬಿನ ಗಾಡಿಯವರು, ಅವರಲ್ಲೊಬ್ಬ, ಅಕ್ಕಾರೆ, ಇದು ನಮ್ಮ ಟ್ರ್ಯಾಕ್ಟರಿಗಿಂತ ಹಳೇದೇನ್ರಿ, ಎಂದ, ಉಳಿದವರು ನಕ್ಕರು, ಮಯೂರಿಯೂ ನಕ್ಕಳು, ಒಂದೂವರೆ ಬೆರಳು, ಕಿರ್ರ್ ಅಂತ ಒಳಗೆ ಚೀಟಿ ಹೊರಟ ಸದ್ದು, ಅಬ್ಬಾ ಹೋಯಿತು, ಇನ್ನೇನು ರೊಟ್ಟಿ ತಟ್ಟಿ ಇಟ್ಟದ್ದೇ ಇದೆ, ಬೇಳೆ ಇದೆ, ತುಪ್ಪ ಇದೆ, ಎರಡು ನಿಮಿಷದ ಕೆಲಸ, ಗಾಡಿಯವರ ಬಿಲ್ಲು ತೆಗೆದಳು, ಚಿಲ್ಲರೆ ಕೊಟ್ಟಳು, ಯಾಕೋ ಬರಲಿಲ್ಲ ತಾಟು, ಎರಡು ನಿಮಿಷ ಎಂಟಾಯಿತು, ಒಂದು ಬೆರಳೂ ಪೂರ್ತಿ ಇಲ್ಲ ಈಗ, ಅಜ್ಜಿ ಕಿಟಕಿಯ ಕಡೆ ನೋಡುತ್ತ ಕೈಕಟ್ಟಿ ಕೂತಿದ್ದಾರೆ, ಬೇಗ ತಾ ಎಂದು ಒಂದು ಮಾತು, ಒಂದು ಕೆಮ್ಮು, ಏನೂ ಇಲ್ಲ, ಬೈದರಾದರೂ ನಮಗೆ ಗೊತ್ತಾಗುತ್ತದಲ್ಲ, ಇಂಥವರದೇ ಕಷ್ಟ, ಅಷ್ಟರಲ್ಲಿ ಅಡಿಗೆಮನೆಯ ಪರದೆ ಸರಿಸಿ ಸಪನಾ ಬಂದಳು, ನಿಪ್ಪಾಣಿಯವಳು, ಕೆಲಸಕ್ಕೆ ಸೇರಿ ಇವತ್ತಿಗೆ ಮೂರನೇ ದಿನ, ಮುಖದ ತುಂಬ ಬೆಳಕು, ಕೈಯಲ್ಲಿ ಗಾಜಿನ ಬೋಗುಣಿ, ಅದರಲ್ಲಿ ಬಾಳೆಹಣ್ಣು, ಪಪಾಯಿ, ದಾಳಿಂಬೆ, ಮೇಲೆ ದ್ರಾಕ್ಷಿ ಸುತ್ತಲೂ ಸಾಲಾಗಿ ಜೋಡಿಸಿ, ನಡುವೆ ಒಂದು ಚೆರ್ರಿ, ಎಲ್ಲಿಂದ ತಂದಳೋ, ಅಜ್ಜಿಯ ಮುಂದೆ ಇಟ್ಟು, ಘ್ಯಾ ಆಜಿ, ತಗೊಳ್ರಿ, ಎಂದಳು.

ಚತುರ್ದಶಿಯ ದಿನ ಹಸಿ ಕಾಯಿಪಲ್ಯ, ಹಣ್ಣು ಯಾವುದನ್ನೂ ಮುಟ್ಟದ ಅಜ್ಜಿ ಬೋಗುಣಿಯನ್ನು ನೋಡಿದರು, ಸಪನಾಳನ್ನು ನೋಡಿದರು, ಚೆಂದ ಮಾಡೀದಿ ಮಗಳ, ಎಂದು ಅದನ್ನು ಒಂದಿಷ್ಟು ಆಚೆ ಸರಿಸಿ ಕೈಚೀಲಕ್ಕೆ ಕೈ ಹಾಕಿದರು, ಏಳುತ್ತಿದ್ದಾರೆ, ದೇವರೇ, ಏಳುತ್ತಿದ್ದಾರೆ — ಅಜ್ಜಿ ಕೂಡ್ರಿ, ಐದ ನಿಮಿಷ ಕೂಡ್ರಿ, ಅಂದವಳು ತಾನೇನಾ ಎಂದು ಮಯೂರಿಗೇ ಅನುಮಾನ, ದನಿ ಅಷ್ಟು ದೊಡ್ಡದಾಗಿತ್ತು, ಸಪನಾ ಬೆದರಿ, ಚೀಟ್ಯಾಗ ಹಂಗ ಬಂತಲ್ರಿ ವೈನಿ, ಹಣ್ಣ ಹೊರಗಿನಿಂದ ತಂದ ಮಾಡೀನಿ, ಅನ್ನುತ್ತಿದ್ದಾಳೆ, ನಿನ್ನ ತಪ್ಪಲ್ಲ ತಂಗಿ, ನನ್ನ ತಪ್ಪು, ಚನ್ನವ್ವನನ್ನು ಬಸ್ಸು ಹತ್ತಿಸುವ ಗಡಿಬಿಡಿಯಲ್ಲಿ ನಿನಗೆ ಹೇಳಬೇಕಾದದ್ದನ್ನೇ ಮರೆತೆ, ಚೀಟಿಯಲ್ಲಿ ಬಂದದ್ದನ್ನು ಮಾಡಬಾರದು ಅಂತ ಯಾವ ಖಾನಾವಳಿಯಲ್ಲಾದರೂ ಹೇಳಿಕೊಡುತ್ತಾರೇನು, ಇದನ್ನೆಲ್ಲ ಬಾಯಿಂದ ಹೇಳಿದಳೋ ಮನಸ್ಸಿನಲ್ಲೇ ಹೇಳಿದಳೋ, ಅಷ್ಟರಲ್ಲಿ ಬಾಗಿಲ ಪಕ್ಕದ ಕುರ್ಚಿ ಕಿರುಗುಟ್ಟಿತು, ಮಾವ ಎದ್ದು ನಿಂತಿದ್ದಾರೆ, ಕಿಟಕಿಯ ಕಡೆ ನೋಡಿದರು, ಬೋಗುಣಿಯ ಕಡೆ ನೋಡಿದರು, ಧೋತರದ ಚುಂಗು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಹದಿನಾರು ವರ್ಷದ ಕಾನೂನು ಮಾಡಿದ ಆ ಬಾಯಿಯಿಂದಲೇ ಗೋಡೆಯ ಫೋಟೋ ಅಲುಗುವಂತೆ ಒದರಿದರು, ಏ ಸಪನಾ, ಒಂದ ಜೈನ ಊಟ, ಬಿಸಿ ರೊಟ್ಟಿ, ತುಪ್ಪ, ಬ್ಯಾಳಿ, ಅನ್ನ, ಪಲ್ಯ ಬ್ಯಾಡ, ಲಗೂನ ತಾ.

ತಾಟು ತಂದವರು ಮಾವನೇ, ಸಪನಾ ಹಿಂದೆ ಹಿಂದೆ ತುಪ್ಪದ ಬಟ್ಟಲು ಹಿಡಿದು ಓಡುತ್ತಿದ್ದಾಳೆ, ಅಜ್ಜಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ರೊಟ್ಟಿ ಮುರಿದರು, ಗಾಡಿಯವರು ಹೋಗಲೇ ಇಲ್ಲ, ಬಾಗಿಲಲ್ಲೇ ನಿಂತು ಒಮ್ಮೆ ಹೊತ್ತಿನ ಕಡೆ ಒಮ್ಮೆ ತಾಟಿನ ಕಡೆ ನೋಡುತ್ತಿದ್ದಾರೆ, ಪಂದ್ಯ ನೋಡುವವರ ಹಾಗೆ, ಸಾವಕಾಶ ಉಣ್ರಿ ಆಯಿ, ಇನ್ನೂ ಐತಿ ಇನ್ನೂ ಐತಿ, ಅನ್ನುತ್ತಾನೆ ಟ್ರ್ಯಾಕ್ಟರಿನವನು, ಮುಕ್ಕಾಲು ಬೆರಳು, ಒಂದು ರೊಟ್ಟಿ ಮುಗಿಯಿತು, ಅರ್ಧ ಬೆರಳು, ಅನ್ನ, ಬೇಳೆ, ಅಜ್ಜಿಗೆ ಅವಸರವೇ ಇಲ್ಲ, ಒಂದೊಂದು ತುತ್ತೂ ಅಗಿದು ಅಗಿದು, ಮಯೂರಿ ಮಾತ್ರ ಚಾಚಿದ ತೋಳು ಇಳಿಸಲಿಲ್ಲ, ತಾನೇ ಉಣ್ಣುತ್ತಿದ್ದರೂ ಇಷ್ಟು ಗಾಬರಿ ಆಗುತ್ತಿರಲಿಲ್ಲ, ಕಬ್ಬಿನ ತುದಿಯ ಸೂಲಂಗಿ ಹೂವು ಕೆಂಪಗೆ ಹತ್ತಿಕೊಂಡಿತು, ಕಡೆಯ ತುತ್ತು, ಲೋಟ ಎತ್ತಿ ನೀರು ಗಟಗಟ ಕುಡಿದರು, ಲೋಟ ಕೆಳಗಿಟ್ಟರು, ಕೈ ಮುಗಿದರು, ಆಚೆ ಹೊಲದಲ್ಲಿ ಇನ್ನೂ ಒಂದು ಉಗುರಿನಷ್ಟು ಹೊತ್ತು ಉಳಿದಿತ್ತು, ಗಾಡಿಯವರು ಚಪ್ಪಾಳೆ ತಟ್ಟಿದರು, ಸಪನಾ ಆ ಬೋಗುಣಿಯ ಹಣ್ಣನ್ನು ಅವರಿಗೇ ಹಂಚಿಬಿಟ್ಟಳು, ಮಾವ ಒದರಿ ಒದರಿ ಹುರುಪು ಬಂದವರಂತೆ ನಗುತ್ತಿದ್ದಾರೆ, ಮಯೂರಿಗೆ ಖುಷಿಗೆ ಕಣ್ಣಲ್ಲಿ ನೀರು. ಅಜ್ಜಿ ಸೆರಗಿಗೆ ಬಾಯಿ ಒರೆಸಿಕೊಂಡು ಗಲ್ಲಾದ ಹತ್ತಿರ ಬಂದರು.

ದೇವರ ಒಳ್ಳೇದ ಮಾಡಲಿ ತಂಗಿ, ಎಂದರು, ಹೋದ ಚತುರ್ದಶಿಗೂ ಬಂದಿದ್ನಿ, ಅದ ಮೇಜಿಗೆ ಕುಂತಿದ್ನಿ, ಊಟ ಹೇಳೀನಿ, ನೀ ಹೂಂ ಅಂದಿ, ಆ ಡಬ್ಬಿಗೆ ಬಗ್ಗಿದಾಕಿ ತಲಿ ಎತ್ತಲಿಲ್ಲ ನೋಡು, ಹೊತ್ತ ಮುಳಗಿತು, ಎದ್ದ ಹ್ವಾದ್ನಿ. ದೂರಿನ ದನಿಯೇ ಅಲ್ಲ ಅದು, ಮಳೆ ಬಂದಿತ್ತು ಅನ್ನುವ ಹಾಗೆ ಹೇಳಿ, ಮಯೂರಿಯ ಗಲ್ಲ ಸವರಿ, ಶೇಡಬಾಳದ ಬಸ್ಸಿಗೆ ಹೊರಟರು, ಮಾವ ಬಸ್ಸಿನವರೆಗೂ ಚೀಲ ಹಿಡಿದು ಹೋದರು, ತಿರುಗಿ ಬಂದು ಕುರ್ಚಿಯಲ್ಲಿ ಕೂರಲಿಲ್ಲ, ಗಲ್ಲಾದ ಮುಂದೆ ನಿಂತು, ಎದ್ದ ಹೋದವರು ಎಷ್ಟ ಮಂದಿ ಅಂತ ಇದರಾಗ ಬರತೈತೇನವಾ, ಎಂದರು, ಬರೂದಿಲ್ರಿ ಮಾವಾರೆ, ಉಂಡವರದ ಅಷ್ಟ ಬರತೈತಿ, ಎಂದಳು ಮಯೂರಿ, ಮಾವ ಮಷಿನ್ನಿನ ಕಡೆ ಬಗ್ಗಿ, ನಾಳೆ ಮುಂಜಾನೆ ಸಾಂಗಲಿಗೆ ಹೋಗೂಣ, ನೀನೂ ಬಾ, ನೀ ಆರಿಸಿದ್ದನ್ನ ತರೂಣ, ಎಂದು ಕೈಯಾರೆ ಮಷಿನ್ನಿನ ಗುಂಡಿ ಒತ್ತಿ ಆರಿಸಿದರು, ಮೂರು ಸಲ ಕೇಳಿ ಬಿಟ್ಟದ್ದು ಇಷ್ಟು ಸಲೀಸಾಗಿ ಸಿಕ್ಕಿತಲ್ಲ, ಕುಣಿಯಬೇಕು ಅನ್ನಿಸುತ್ತಿದೆ, ಚನ್ನವ್ವನಿಗೆ ಫೋನು ಮಾಡಬೇಕು, ಇನ್ನೆರಡು ದಿನ ರಾಯಬಾಗದಲ್ಲೇ ಇರು ಅನ್ನಬೇಕು, ಶ್ರೇಣಿಕನಿಗೆ ಇನ್ನು ತೋಟಕ್ಕೆ ಓಡಬೇಡ ಅನ್ನಬೇಕು, ಅನ್ನಬೇಕು — ಆದರೆ ಹೋದ ಚತುರ್ದಶಿ, ಹೌದು, ದೀಪ ಹಾಕುವ ಹೊತ್ತು, ಮೇಜು ಒರೆಸಲು ಹೋದವಳು ಕಿಟಕಿಯ ಪಕ್ಕ ತಾನೇ ಇಟ್ಟ ಲೋಟವನ್ನು ಕಂಡಿದ್ದಳು, ಯಾರಪ್ಪಾ ಇದು, ಕೂತು, ಏನೂ ತಿನ್ನದೆ, ನೀರೂ ಕುಡಿಯದೆ ಹೋದವರು, ಎಂದು ಗೊಣಗಿ ಒಯ್ದು ಕರಿಬೇವಿನ ಗಿಡಕ್ಕೆ ಸುರಿದಿದ್ದಳು, ಮೂರು ನಾಲ್ಕು ಸಲ ಹೀಗೆ ಸುರಿದ ನೆನಪು, ಬೇರೆ ಬೇರೆ ಮೇಜು, ಬೇರೆ ಬೇರೆ ಸಂಜೆ, ಒಂದು ತುಂಬಿದ ಲೋಟ, ಇನ್ನೊಂದು ತುಂಬಿದ ಲೋಟ, ಅಂಚಿನವರೆಗೆ ನೀರು, ಯಾರ ತುಟಿಯೂ ತಾಗದ ಅಂಚು, ತುಂಬಿದ ಲೋಟ